ಮಾಡಿಫೈ ಮಾಡಿದ ಸೆಕೆಂಡ್ ಹ್ಯಾಂಡ್ ಕ್ಲಾಸಿಕ್ 350: ಕೊಳ್ಳುವ ಮುಂಚೆ ದೋಷ ಹುಡುಕುವ ಬಗೆ

ಮಾಡಿಫೈ ಮಾಡಿದ ಗಾಡಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಪೇಂಟು, ದಪ್ಪ ಟೈರು, ಕುಳ್ಳ ಸೀಟು. ಅದನ್ನೆಲ್ಲ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಆ ರೂಪ ತರುವುದಕ್ಕೆ ಏನನ್ನು ಕತ್ತರಿಸಿದ್ದಾರೆ, ಏನನ್ನು ಬರೀ ಬೋಲ್ಟ್ ಹಾಕಿ ಕೂರಿಸಿದ್ದಾರೆ ಅಂತ ಹುಡುಕಿ. ಬೋಲ್ಟ್ ಹಾಕಿದ್ದನ್ನು ಯಾವಾಗ ಬೇಕಾದರೂ ಬಿಚ್ಚಿ ಹಳೇದನ್ನು ಹಾಕಬಹುದು. ಕತ್ತರಿಸಿದ್ದನ್ನು ಮೊದಲಿನ ಹಾಗೆ ಮಾಡುವುದು ಕಷ್ಟ. ಅದು ಚೇಸಿಸ್ ಆಗಿದ್ದರೆ ಆಸೆ ಬಿಡುವುದೇ ಒಳ್ಳೆಯದು. ಮುಂದೆ ಹೇಳುವ ಪ್ರತಿ ಪರೀಕ್ಷೆಯೂ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ ಇದೆ.

ಇಲ್ಲಿ ಹೇಳುತ್ತಿರುವುದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬಗ್ಗೆ. ಅದರಲ್ಲೂ 2009ರಲ್ಲಿ ಬಂದ, 2021ರಲ್ಲಿ ಜೆ ಸೀರೀಸ್ ಎಂಜಿನ್ ಬರುವವರೆಗೆ ಓಡಿದ 346 ಸಿಸಿ ಯುಸಿಇ (ಎಂಜಿನ್, ಗೇರ್ ಬಾಕ್ಸ್ ಎರಡೂ ಒಂದೇ ಕವಚದಲ್ಲಿರುವ) ಎಂಜಿನ್ನಿನ ಗಾಡಿ. ನಮ್ಮಲ್ಲಿ ಬಾಬ್ಬರ್, ಸ್ಕ್ರ್ಯಾಂಬ್ಲರ್, ಕೆಫೆ ರೇಸರ್ ಅನ್ನುವ ಬೇರೆ ಬೇರೆ ರೂಪಗಳಿಗೆ ಬದಲಾಯಿಸಿ ಮಾರಾಟಕ್ಕೆ ಇಡುವ ಗಾಡಿಗಳಲ್ಲಿ ಇದು ತುಂಬ ಜಾಸ್ತಿ. ಬೇರೆ ಗಾಡಿಯಾದರೆ ಅಂಕಿಗಳು ಬದಲಾಗುತ್ತವೆ, ನೋಡುವ ಕ್ರಮ ಅದೇ.

ಹೋಗುವಾಗ ಒಂದು ಮಲ್ಟಿಮೀಟರ್, ಟಾರ್ಚ್, ಸಣ್ಣ ಆಯಸ್ಕಾಂತ, ಉದ್ದ ದಾರ, ಪ್ಲಗ್ ಸ್ಪ್ಯಾನರ್ ತಗೊಂಡು ಹೋಗಿ. ಹಿಂದಿನ ದಿನ ಮಾರುವವರಿಗೆ ಫೋನ್ ಮಾಡಿ ಒಂದು ಮಾತು ಹೇಳಿ: "ಸಾರ್, ನಾನು ಬರೋ ತನಕ ಗಾಡಿ ಸ್ಟಾರ್ಟ್ ಮಾಡ್ಬೇಡಿ, ಎಂಜಿನ್ ತಣ್ಣಗಿರ್ಲಿ." ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸ್ಟಾರ್ಟಿಂಗ್ ತೊಂದರೆ ಇರಬಹುದು ಅಂತ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ.

ಮೊದಲು ನಂಬರ್, ಆಮೇಲೆ ಗಾಡಿ

ಚೇಸಿಸ್ ನಂಬರನ್ನು ಹ್ಯಾಂಡಲ್ ಕೆಳಗಿನ ಸ್ಟೀರಿಂಗ್ ಹೆಡ್ ಪೈಪಿನ ಮೇಲೆ ಕೊರೆದಿರುತ್ತಾರೆ. ಎಂಜಿನ್ ನಂಬರ್ ಕ್ರ್ಯಾಂಕ್‌ಕೇಸ್ ಮೇಲೆ ಇರುತ್ತದೆ. ಎರಡನ್ನೂ ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಚೇಸಿಸ್ ನಂಬರಿನಲ್ಲಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಈ ಕಂಪನಿಯದು ಎಂಇ3 ಅಂತ ಶುರುವಾಗುತ್ತದೆ. ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಅದರಲ್ಲಿ ಬರುವುದೇ ಇಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲ ಆಗಬಾರದು ಅಂತ ಅವನ್ನು ಬಿಟ್ಟಿದ್ದಾರೆ. ಆ ಮೂರರಲ್ಲಿ ಒಂದು ಕಂಡರೆ ಯಾರೋ ಕೈಯಲ್ಲಿ ಕೊರೆದಿದ್ದಾರೆ ಅಂತಲೇ ಅರ್ಥ.

ಹೆಡ್ ಪೈಪಿನ ಮೇಲೆ ಪೌಡರ್ ಕೋಟಿಂಗ್ ದಪ್ಪಗೆ ಕೂತು ನಂಬರ್ ಮುಚ್ಚಿಹೋಗಿರುವುದೂ ಉಂಟು. ಆಗ ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ, ಪೈಪಿಗೆ ತಾಗುವ ಹಾಗೆ ಹಿಡಿಯಿರಿ. ಕೊರೆದ ಗೆರೆಗಳ ನೆರಳು ಏಳುತ್ತದೆ. ಅಷ್ಟಾದರೂ ಓದಲು ಆಗದಿದ್ದರೆ ಸ್ವಲ್ಪ ಪೇಂಟ್ ಕೆರೆಯಲು ಮಾರುವವರ ಒಪ್ಪಿಗೆ ಕೇಳಿ. ನಂಬರಿನ ಸುತ್ತ ಗ್ರೈಂಡರ್ ಗುರುತು ಇದ್ದರೆ, ಅಕ್ಷರಗಳು ಏರುಪೇರಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ಬೆಲೆ ಎಷ್ಟು ಕಮ್ಮಿಯಾದರೂ ಆ ಗಾಡಿ ಬೇಡ.

ಎಂಜಿನ್ ನಂಬರ್ ಮಾತ್ರ ಬೇರೆ ಇದ್ದರೆ, ಗುಜರಿಯಿಂದ ಎಂಜಿನ್ ತಂದು ಕೂರಿಸಿರಬಹುದು. ಅದನ್ನು ಆರ್‌ಟಿಒದಲ್ಲಿ ಬರೆಸಿದ್ದರೆ ಆರ್‌ಸಿಯಲ್ಲಿ ಹೊಸ ನಂಬರ್ ಇರಬೇಕು. ಬರೆಸಿಲ್ಲ ಅಂದರೆ ಆ ಕೆಲಸ ಮುಗಿಸಿ ಕೊಡಿ, ಆಮೇಲೆ ಮಾತಾಡೋಣ ಅನ್ನಿ. ಆರ್‌ಸಿಯಲ್ಲಿ ಬಣ್ಣ ಕಪ್ಪು ಅಂತ ಇದ್ದು ಗಾಡಿ ಹಸಿರಾಗಿದ್ದರೂ ಹಾಗೇ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕಂದರೆ ಇದನ್ನು ತುಂಬ ಜನ ಹಗುರವಾಗಿ ತಗೊಳ್ಳುತ್ತಾರೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮು ಇಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅನ್ನುತ್ತದೆ. ದಂಡ ಬೀಳುವುದು ಗಾಡಿಯ ಮಾಲೀಕರಿಗೆ. ಕೊಂಡ ಮೇಲೆ ಮಾಲೀಕರು ನೀವೇ ಅಲ್ವಾ?

ಚೇಸಿಸ್: ವೆಲ್ಡಿಂಗ್ ಓದುವುದು

ಈ ಗಾಡಿಯ ಚೇಸಿಸ್‌ನಲ್ಲಿ ಮುಂದೆ ಒಂದೇ ಪೈಪು ಕೆಳಗೆ ಇಳಿಯುತ್ತದೆ. ಎಂಜಿನ್ ಕೂಡ ಭಾರ ಹೊರುವ ಭಾಗವೇ. ಅಂದರೆ ಎಂಜಿನ್ ಮೌಂಟಿಂಗ್ ಬೋಲ್ಟ್ ಸಡಿಲವಾದರೆ ಬರೀ ಶಬ್ದ ಬರುವುದಿಲ್ಲ, ಇಡೀ ಚೇಸಿಸ್ ಬಳುಕುತ್ತದೆ. ಮೌಂಟಿಂಗ್ ಸುತ್ತ ತುಕ್ಕಿನ ಬಣ್ಣದ ಪುಡಿ ಕಂಡರೆ ಅಲ್ಲಿ ಲೋಹ ಲೋಹಕ್ಕೆ ಉಜ್ಜಿದೆ. ಬೋಲ್ಟ್ ಬಿಗಿ ಮಾಡಿದರೆ ಸಾಕಾಗಬಹುದು, ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಸಾಕಾಗುವುದಿಲ್ಲ.

ಬಾಬ್ಬರ್ ಮಾಡುವಾಗ ಹಿಂಭಾಗ ಕತ್ತರಿಸುತ್ತಾರೆ, ಸೀಟಿಗೆ ಹೊಸ ಲೂಪ್ (ಬಾಗಿಸಿದ ಪೈಪು) ಬೆಸೆಯುತ್ತಾರೆ. ಆ ಬೆಸುಗೆಯನ್ನು ಹತ್ತಿರದಿಂದ ನೋಡಿ. ಒಳ್ಳೆ ಬೆಸುಗೆ ಒಂದೇ ಅಗಲದಲ್ಲಿ, ಸಮನಾದ ಸಣ್ಣ ಅಲೆಗಳಾಗಿ ಪೈಪನ್ನು ಸುತ್ತುತ್ತದೆ, ಎರಡೂ ಪೈಪುಗಳಿಗೆ ಮೆತ್ತಗೆ ಇಳಿಯುತ್ತದೆ. ಕೆಟ್ಟ ಬೆಸುಗೆ ಗಂಟುಗಂಟಾಗಿ ಮೇಲೆ ಕೂತಿರುತ್ತದೆ. ಅದರ ಅಂಚಿನಲ್ಲಿ ಪೈಪು ಕೊರೆದ ಹಾಗೆ ಒಂದು ಗುಳಿ ಇರುತ್ತದೆ. ಬಿರುಕು ಶುರುವಾಗುವುದು ಆ ಗುಳಿಯಿಂದಲೇ. ಟಾರ್ಚ್ ಹಿಡಿದು ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಗೆರೆ ಪೇಂಟಿನಲ್ಲಿ ಇದೆಯಾ ಹುಡುಕಿ. ಗೆರೆಯ ಒಳಗೆ ಕಂದು ಬಣ್ಣ ಇದ್ದರೆ ಪೇಂಟ್ ಮಾತ್ರ ಒಡೆದಿಲ್ಲ, ಕೆಳಗಿನ ಕಬ್ಬಿಣವೂ ಸೀಳಿ ನೀರು ಕುಡಿದಿರುವ ಸಾಧ್ಯತೆ ಇದೆ.

ಕೆಲವರು ಬೆಸುಗೆಯನ್ನು ಗ್ರೈಂಡ್ ಮಾಡಿ, ಪುಟ್ಟಿ ಹಚ್ಚಿ, ಪೈಪು ಒಂದೇ ತುಂಡು ಅನ್ನುವ ಹಾಗೆ ತೋರಿಸುತ್ತಾರೆ. ನೋಡಲು ಚಂದ, ಗಟ್ಟಿತನ ಹೋಯಿತು. ಆಯಸ್ಕಾಂತ ಬೇಕಾಗುವುದು ಇಲ್ಲಿ. ಪೈಪಿನ ಉದ್ದಕ್ಕೂ ಎಳೆಯಿರಿ. ಹಿಡಿತ ಒಮ್ಮೆಲೇ ಸಡಿಲವಾದರೆ ಅಲ್ಲಿ ಪುಟ್ಟಿ ಇದೆ. ಟ್ಯಾಂಕಿನ ಮೇಲೂ ಹೀಗೇ ನೋಡಬಹುದು. ಟ್ಯಾಂಕಿನ ಪುಟ್ಟಿ ಬೆಲೆ ಇಳಿಸಲು ಕಾರಣ. ಚೇಸಿಸ್ ಪುಟ್ಟಿ ಗಾಡಿಯನ್ನೇ ಬಿಡಲು ಕಾರಣ.

ಹಿಂದಿನ ಶಾಕ್ ಅಬ್ಸಾರ್ಬರ್ ಮೇಲ್ಗಡೆ ಸಿಕ್ಕಿಸುವ ಜಾಗ, ಸ್ಟೀರಿಂಗ್ ಹೆಡ್ ಸುತ್ತಮುತ್ತ, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ತಿರುಗಣೆ — ಈ ಮೂರು ಕಡೆ ಹೊಸ ವೆಲ್ಡಿಂಗ್ ಕಂಡರೆ ನಾನು ಮುಂದಿನ ಪರೀಕ್ಷೆಗೇ ಹೋಗುವುದಿಲ್ಲ. ರಸ್ತೆಯ ಪ್ರತಿ ಗುಂಡಿಯ ಹೊಡೆತ ಬೀಳುವುದು ಅಲ್ಲೇ. ಸೀಟ್ ಲೂಪ್, ಮಡ್‌ಗಾರ್ಡ್ ಸ್ಟೇ, ನಂಬರ್ ಪ್ಲೇಟ್ ಬ್ರ್ಯಾಕೆಟ್‌ಗಳ ವೆಲ್ಡಿಂಗ್ ಸರಿಯಾಗಿ ಮಾಡಿದ್ದರೆ ಒಪ್ಪಬಹುದು.

ದಾರದ ಪರೀಕ್ಷೆ ಈಗ ಮಾಡಿ. ಸೆಂಟರ್ ಸ್ಟ್ಯಾಂಡ್ ತೆಗೆದುಹಾಕಿದ್ದರೆ ಒಬ್ಬರು ಗಾಡಿಯನ್ನು ನೇರವಾಗಿ ಹಿಡಿಯಲಿ. ಹಿಂದಿನ ಟೈರಿನ ಹಿಂಬದಿಗೆ ದಾರ ಸುತ್ತಿ, ಸ್ಟ್ಯಾಂಡಿಗೆ ತಾಗದಷ್ಟು ಎತ್ತರದಲ್ಲಿ ಎರಡೂ ಪಕ್ಕದಿಂದ ಮುಂದಕ್ಕೆ ಎಳೆಯಿರಿ. ಹಿಂದಿನ ಟೈರಿನ ಮುಂದಿನ ಅಂಚಿಗೆ ದಾರ ಎರಡೂ ಕಡೆ ತಾಗಬೇಕು. ಈಗ ಮುಂದಿನ ಚಕ್ರ ನೇರ ಮಾಡಿ. ಅದು ತೆಳ್ಳಗಿರುವುದರಿಂದ ಎರಡೂ ಪಕ್ಕ ದಾರಕ್ಕೂ ಟೈರಿಗೂ ಸಂದು ಇರುತ್ತದೆ. ಎಡ ಬಲ ಸಂದು ಸಮ ಇದ್ದರೆ ಚಕ್ರಗಳು ಒಂದೇ ಸಾಲಿನಲ್ಲಿವೆ. ಇಲ್ಲದಿದ್ದರೆ ಚೈನ್ ಅಡ್ಜಸ್ಟರ್ ಎರಡೂ ಕಡೆ ಒಂದೇ ಗುರುತಿನಲ್ಲಿದೆಯಾ ನೋಡಿ. ಅದು ಸರಿ ಇದ್ದೂ ಸಂದು ವ್ಯತ್ಯಾಸ ಬಂದರೆ ಚಕ್ರವನ್ನು ಪಕ್ಕಕ್ಕೆ ಸರಿಸಿ ಕೂರಿಸಿದ್ದಾರೆ, ಅಥವಾ ಸ್ವಿಂಗ್ ಆರ್ಮ್ ಇಲ್ಲವೇ ಚೇಸಿಸ್ ಬಾಗಿದೆ.

ದಪ್ಪ ಟೈರ್ ಹಾಕಿದ ಗಾಡಿಯಲ್ಲಿ ಚಕ್ರ ಸರಿಸುವುದು ತುಂಬ ಸಾಮಾನ್ಯ. ಟೈರು ಚೈನಿಗೆ ತಾಗುತ್ತದೆ ಅಂತ ಹಾಗೆ ಮಾಡುತ್ತಾರೆ. ಟೈರಿನ ಎಡಗಡೆ ಗೋಡೆಯಲ್ಲಿ ಉಜ್ಜಿದ ಗೆರೆ ಇದೆಯಾ, ಸ್ಪ್ರಾಕೆಟ್ ಹಲ್ಲುಗಳು ಒಂದೇ ಪಕ್ಕ ಸವೆದಿವೆಯಾ ನೋಡಿ. ಸವೆದಿದ್ದರೆ ಮುಂದಿನ ಮತ್ತು ಹಿಂದಿನ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿ ಇಲ್ಲ. ಹೊಸ ಚೈನ್ ಹಾಕಿದರೂ ಹಾಗೇ ತಿನ್ನುತ್ತದೆ.

ವೈರಿಂಗ್, ಬ್ಯಾಟರಿ, ಮತ್ತು ಅದರಿಂದ ಹಾಳಾಗುವ ಸ್ಪ್ರ್ಯಾಗ್ ಕ್ಲಚ್

ಈ ಭಾಗಕ್ಕೆ ಜಾಸ್ತಿ ಹೊತ್ತು ಕೊಡಿ. ಇಂಥ ಗಾಡಿಗಳಲ್ಲಿ ಬರುವ ತಲೆನೋವಿನ ದೊಡ್ಡ ಪಾಲು ಇಲ್ಲಿಂದಲೇ.

ಪಕ್ಕದ ಡಬ್ಬಗಳನ್ನು ತೆಗೆದು ಗಾಡಿ ಟೊಳ್ಳಾಗಿ ಕಾಣಬೇಕು ಅಂತ ಬ್ಯಾಟರಿಯನ್ನು ಸೀಟಿನ ಕೆಳಗೆ ತಳ್ಳುತ್ತಾರೆ. ಅಲ್ಲಿ ಜಾಗ ಸಾಲದು. ಕಂಪನಿಯ 14 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಬದಲು ಕಮ್ಯೂಟರ್ ಬೈಕಿನ ಪುಟ್ಟ ಬ್ಯಾಟರಿ ಹಾಕುತ್ತಾರೆ. ಈ ಎಂಜಿನ್ ದೊಡ್ಡ ಸಿಂಗಲ್ ಸಿಲಿಂಡರ್: ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಸೆಲ್ಫ್ ಒತ್ತಿದಾಗ ಬ್ಯಾಟರಿಗೆ ಶಕ್ತಿ ಸಾಲದಿದ್ದರೆ ಪಿಸ್ಟನ್ ಮೇಲಿನ ತುದಿ ದಾಟಲಾರದೆ ಹಿಂದಕ್ಕೆ ಒದೆಯುತ್ತದೆ. ಆ ಒದೆತ ನೇರ ಬೀಳುವುದು ಸ್ಟಾರ್ಟರಿನ ಸ್ಪ್ರ್ಯಾಗ್ ಕ್ಲಚ್ ಮೇಲೆ, ಅಂದರೆ ಮೋಟಾರಿನ ಬಲವನ್ನು ಒಂದೇ ದಿಕ್ಕಿನಲ್ಲಿ ಎಂಜಿನ್ನಿಗೆ ದಾಟಿಸುವ ಭಾಗದ ಮೇಲೆ. ಹೀಗೆ ಕೆಲವು ಸಲ ಆದರೆ ಅದು ಜಾರಲು ಶುರುಮಾಡುತ್ತದೆ, ಆಮೇಲೆ ಒಡೆಯುತ್ತದೆ. ಬ್ಯಾಟರಿಯಲ್ಲಿ ಉಳಿಸಿದ್ದಕ್ಕಿಂತ ಎಂಜಿನ್ ಪಕ್ಕ ಬಿಚ್ಚುವ ಖರ್ಚೇ ಜಾಸ್ತಿ.

ಹಾಗಾಗಿ ಸೆಲ್ಫ್ ಒತ್ತುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ. ಗಾಡಿ ನಿಂತಿರುವಾಗ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. 12.2ಕ್ಕಿಂತ ಕೆಳಗಿದ್ದರೆ ಸೆಲ್ಫ್ ಒತ್ತಬೇಡಿ, ಕಿಕ್ ಹೊಡೆಯಿರಿ. ಕಿಕ್ಕರ್ ತೆಗೆದುಹಾಕಿದ್ದಾರೆ ಅಂದರೆ ಅದೂ ಬೆಲೆಯ ಲೆಕ್ಕಕ್ಕೆ ಬರಬೇಕು. ಬ್ಯಾಟರಿ ಚೆನ್ನಾಗಿದ್ದರೆ ಮೀಟರ್ ಹಿಡಿದುಕೊಂಡೇ ಸೆಲ್ಫ್ ಒತ್ತಿ. ಎಂಜಿನ್ ತಿರುಗುವಾಗ ವೋಲ್ಟೇಜ್ 10ರ ಕೆಳಗೆ ಇಳಿಯಬಾರದು.

ಕಿವಿಯೂ ಇಲ್ಲಿ ಕೆಲಸ ಮಾಡಬೇಕು. ಸ್ಟಾರ್ಟರ್ ಮೋಟಾರ್ ಸುಯ್ಯೆಂದು ತಿರುಗುತ್ತಿದೆ, ಎಂಜಿನ್ ಅಲ್ಲಾಡುತ್ತಿಲ್ಲ ಅಂದರೆ ಸ್ಪ್ರ್ಯಾಗ್ ಜಾರುತ್ತಿದೆ. ಎಡಗಡೆ ಕವರಿನ ಒಳಗಿಂದ ಕಟಾರ್ ಅಂತ ಹೊಡೆದರೆ ಅದರ ರೋಲರ್‌ಗಳು ಹೋಗಿವೆ. ಬರೀ ಕ್ಲಿಕ್ ಕ್ಲಿಕ್ ಅಂದರೆ ಬ್ಯಾಟರಿ ಅಥವಾ ರಿಲೇ ಕನೆಕ್ಷನ್ ನೋಡಿ, ಅದು ಸುಲಭದ ಕೆಲಸ.

ಸ್ಟಾರ್ಟ್ ಆದ ಮೇಲೆ ಆಕ್ಸಿಲರೇಟರ್ ಕೊಟ್ಟು ಮಧ್ಯಮ ವೇಗದಲ್ಲಿ ಇಟ್ಟು ಮತ್ತೆ ಅಳೆಯಿರಿ. 13.5ರಿಂದ 14.5 ವೋಲ್ಟ್ ಬಂದರೆ ಚಾರ್ಜಿಂಗ್ ಸರಿ. 15 ದಾಟಿದರೆ ಆರ್‌ಆರ್ ಯೂನಿಟ್ (ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ಭಾಗ) ಕೆಟ್ಟಿದೆ, ಬ್ಯಾಟರಿ ಬೇಯುತ್ತದೆ. 13ಕ್ಕೆ ಏರದೇ ಇದ್ದರೆ ಮೊದಲು ಹೆಚ್ಚುವರಿ ದೀಪಗಳನ್ನು ಆರಿಸಿ ನೋಡಿ. 55 ವ್ಯಾಟಿನ ಎರಡು ಫಾಗ್ ಲ್ಯಾಂಪ್ ಒಂಬತ್ತು ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತವೆ. ದೀಪ ಆರಿಸಿದಾಗ ವೋಲ್ಟೇಜ್ ಏರಿದರೆ ತಪ್ಪು ದೀಪದ್ದು, ಬಿಚ್ಚಿದರೆ ಮುಗಿಯಿತು. ಆಗಲೂ ಏರದಿದ್ದರೆ ಆಲ್ಟರ್ನೇಟರ್ ಕಾಯಿಲ್ ಅಥವಾ ಆರ್‌ಆರ್ ಯೂನಿಟ್ ಕಡೆ ಅನುಮಾನ ಪಡಿ.

"ಒಂದು ವಾರ ಓಡ್ಸಿಲ್ಲ, ಅದಕ್ಕೆ ಬ್ಯಾಟರಿ ಡೌನ್" ಅನ್ನುವ ಮಾತು ತುಂಬ ಕೇಳುತ್ತದೆ. ಚೆನ್ನಾಗಿರುವ ಬ್ಯಾಟರಿ ಒಂದು ವಾರಕ್ಕೆ ಸಾಯುವುದಿಲ್ಲ. ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಮಲ್ಟಿಮೀಟರನ್ನು ಆಂಪಿಯರ್‌ಗೆ ತಿರುಗಿಸಿ ವೈರು ಮತ್ತು ಟರ್ಮಿನಲ್ ನಡುವೆ ಸೇರಿಸಿ. ಕೆಲವೇ ಮಿಲಿ ಆಂಪಿಯರ್ ತೋರಿಸಬೇಕು. 100 ತೋರಿಸಿದರೆ 14 ಎಎಚ್ ಬ್ಯಾಟರಿ ಸುಮಾರು 140 ಗಂಟೆಯಲ್ಲಿ, ಅಂದರೆ ಆರು ದಿನದಲ್ಲಿ ಖಾಲಿ. ಫ್ಯೂಸ್‌ಗಳನ್ನು ಒಂದೊಂದೇ ಕೀಳುತ್ತಾ ಬನ್ನಿ. ಯಾವುದನ್ನು ಕಿತ್ತಾಗ ಮೀಟರ್ ಇಳಿಯುತ್ತದೋ ಆ ಸಾಲಿನಲ್ಲಿ ಸೋರಿಕೆ ಇದೆ.

ಸೀಟು ಎತ್ತಿ ವೈರಿಂಗ್ ಕಣ್ಣಾರೆ ನೋಡಿ. ಕಂಪನಿಯ ವೈರುಗಳು ಬಣ್ಣದ ಪಟ್ಟಿಯವು, ಕಪ್ಲರ್‌ಗಳಲ್ಲಿ ಮುಗಿಯುತ್ತವೆ. ಒಂದೇ ಬಣ್ಣದ ವೈರುಗಳು ಸಾಲಾಗಿ ಹೋಗಿದ್ದು, ಜಾಯಿಂಟ್‌ಗಳಿಗೆ ಕಪ್ಪು ಟೇಪ್ ಸುತ್ತಿದ್ದು, ಆ ಟೇಪಿನ ಅಂಟು ಬಿಸಿಗೆ ಕರಗಿ ಬೆರಳಿಗೆ ಮೆತ್ತಿಕೊಂಡರೆ ಹೊಸ ವೈರಿಂಗ್ ಕಿಟ್‌ನ ಬೆಲೆ, ಎಲೆಕ್ಟ್ರಿಷಿಯನ್ ಕೂಲಿ ಎರಡನ್ನೂ ಗಾಡಿಯ ಬೆಲೆಯಿಂದ ಕಳೆಯಿರಿ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಆಗ ದೀಪ ಮಿನುಗಿದರೆ, ಎಂಜಿನ್ ತಡವರಿಸಿದರೆ, ಹೆಡ್ ಪೈಪಿನ ಹತ್ತಿರ ವೈರು ಜಗ್ಗುತ್ತಿದೆ ಇಲ್ಲವೇ ಒಳಗೆ ಮುರಿದಿದೆ.

ಇನ್ನೊಂದು ಗುರುತು. 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಎಂಜಿನ್ ಓಡುವಾಗ ಹೆಡ್‌ಲೈಟ್ ತಾನಾಗೇ ಉರಿಯಬೇಕು, ಆರಿಸುವ ಸ್ವಿಚ್ ಇರುವುದಿಲ್ಲ. ಇದ್ದರೆ ಯಾರೋ ವೈರಿಂಗ್ ಮುಟ್ಟಿದ್ದಾರೆ.

ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಕಿತ್ತಿದ್ದರೂ ಹೀಗೇ ಸಿಕ್ಕಿಬೀಳುತ್ತದೆ. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಆಮೇಲೆ ತಯಾರಾದ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಎಬಿಎಸ್ ದೀಪ ಹತ್ತಬೇಕು, ಸ್ವಲ್ಪ ದೂರ ಹೋದ ಮೇಲೆ ಆರಬೇಕು. ಹತ್ತುವುದೇ ಇಲ್ಲ ಅಂದರೆ ದೀಪ ಕಿತ್ತಿದ್ದಾರೆ ಅಥವಾ ಎಬಿಎಸ್ಸನ್ನೇ ಕಿತ್ತಿದ್ದಾರೆ. ಆರುವುದೇ ಇಲ್ಲ ಅಂದರೆ ಸೆನ್ಸರ್ ತೊಂದರೆ ಇರಬಹುದು, ಅಥವಾ 19 ಇಂಚಿನ ಮುಂದಿನ ಚಕ್ರದ ಬದಲು ಚಿಕ್ಕ ಚಕ್ರ ಹಾಕಿ ಎರಡೂ ಚಕ್ರಗಳ ವೇಗದ ಲೆಕ್ಕ ತಪ್ಪಿಸಿದ್ದಾರೆ. ಬ್ರೇಕಿನ ವಿಷಯದಲ್ಲಿ ರಾಜಿ ಬೇಡ.

ಎಂಜಿನ್ ಉಸಿರಾಟ

ಜೋರು ಶಬ್ದದ ಸೈಲೆನ್ಸರ್, ಕೋನ್ ಆಕಾರದ ಏರ್ ಫಿಲ್ಟರ್ — ಇವೆರಡು ಇಲ್ಲದ ಮಾಡಿಫೈ ಗಾಡಿ ಅಪರೂಪ. ಎರಡರಿಂದಲೂ ಗಾಳಿ ಜಾಸ್ತಿ ಹರಿಯುತ್ತದೆ. ಕಾರ್ಬ್ಯುರೇಟರ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಭಾಗ) ಬದಲಾಯಿಸದಿದ್ದರೆ ಪೆಟ್ರೋಲ್ ಸಾಲುವುದಿಲ್ಲ. ಆಗ ಆಕ್ಸಿಲರೇಟರ್ ಬಿಟ್ಟ ಕೂಡಲೇ ಸೈಲೆನ್ಸರ್ ಪಟ ಪಟ ಅನ್ನುತ್ತದೆ, ಬೆಂಡ್ ಪೈಪು ನೀಲಿಗಟ್ಟುತ್ತದೆ, ಏರು ಹತ್ತುವಾಗ ಎಂಜಿನ್ ಕಾದು ಸೋಲುತ್ತದೆ. ಕೆಲವರು ಆ ಪಟಪಟವನ್ನೇ ಇಷ್ಟಪಟ್ಟು ಕೊಳ್ಳುತ್ತಾರೆ. ವಾಲ್ವ್ ಸುಡುವ ಮುಂಚಿನ ಎಚ್ಚರಿಕೆ ಅದಾಗಿರಬಹುದು.

ಪರೀಕ್ಷೆ ಸುಲಭ. ಓಡಿಸುವಾಗ ಎಂಜಿನ್ ತಡವರಿಸಿದರೆ ಚೋಕ್ ಸ್ವಲ್ಪ ಎಳೆಯಿರಿ. ಚೆನ್ನಾಗಿ ಎಳೆಯತೊಡಗಿದರೆ ಪೆಟ್ರೋಲ್ ಕಮ್ಮಿಯಾಗುತ್ತಿದೆ, ಇನ್ನಷ್ಟು ಸತ್ತರೆ ಜಾಸ್ತಿಯಾಗುತ್ತಿದೆ. ನಿಲ್ಲಿಸಿ, ತಣ್ಣಗಾದ ಮೇಲೆ ಪ್ಲಗ್ ತೆಗೆದು ನೋಡಿ. ತಿಳಿ ಕಂದು ಬಣ್ಣ ಒಳ್ಳೆಯದು. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಒಣ ಮಸಿ ಇದ್ದರೆ ಜಾಸ್ತಿ. ಎಣ್ಣೆಯ ಜಿಡ್ಡು ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ಬೊಟ್ಟು ಮಾಡುತ್ತದೆ. ಎಂಜಿನ್ ಐಡಲ್‌ನಲ್ಲಿ ಇರುವಾಗ ಕಾರ್ಬ್ಯುರೇಟರ್ ಮತ್ತು ಹೆಡ್ ನಡುವಿನ ರಬ್ಬರಿನ ಹತ್ತಿರ ಕಾರ್ಬ್ ಕ್ಲೀನರ್ ಚೂರು ಸ್ಪ್ರೇ ಮಾಡಿ, ಬಿಸಿ ಸೈಲೆನ್ಸರಿಗೆ ತಾಗದ ಹಾಗೆ. ಎಂಜಿನ್ ವೇಗ ಬದಲಾದರೆ ರಬ್ಬರ್ ಸೀಳಿ ಗಾಳಿ ಸೋರುತ್ತಿದೆ. ಅರ್ಧ ಆಕ್ಸಿಲರೇಟರ್ ದಾಟಿದ ಮೇಲೆ ಶಕ್ತಿಯೇ ಬರದಿದ್ದರೆ ಕಾರ್ಬ್ಯುರೇಟರ್ ಒಳಗಿನ ಡಯಾಫ್ರಾಮ್ ಹರಿದಿರಬಹುದು.

2020ರ ಬಿಎಸ್6 ಗಾಡಿಯಾದರೆ ಕಾರ್ಬ್ಯುರೇಟರ್ ಇರುವುದಿಲ್ಲ, ಇಂಜೆಕ್ಷನ್ ಇರುತ್ತದೆ. ಸೈಲೆನ್ಸರ್ ಬದಲಾಯಿಸುವಾಗ ಆಕ್ಸಿಜನ್ ಸೆನ್ಸರ್ ಹಾಕದೆ ಬಿಟ್ಟಿದ್ದಾರಾ, ಎಂಜಿನ್ ದೀಪ ಉರಿಯುತ್ತಲೇ ಇದೆಯಾ ನೋಡಿದರೆ ಸಾಕು.

ಏರ್ ಬಾಕ್ಸ್ ತೆಗೆದಾಗ ಬ್ರೀದರ್ ಪೈಪು (ಎಂಜಿನ್ ಒಳಗಿನ ಒತ್ತಡ ಹೊರಬಿಡುವ ಪೈಪು) ಎಲ್ಲಿ ಹೋಯಿತು ಅಂತ ಕೇಳಲೇಬೇಕು. ಅದನ್ನು ಬೋಲ್ಟ್ ಹೊಡೆದು ಮುಚ್ಚಿದ್ದರೆ ಕ್ರ್ಯಾಂಕ್‌ಕೇಸ್ ಒತ್ತಡ ಸೀಲುಗಳಿಂದ ಎಣ್ಣೆ ತಳ್ಳುತ್ತದೆ. ಮಾರುವವರು "ಬುಲೆಟ್ ಅಂದ್ಮೇಲೆ ಆಯಿಲ್ ಲೀಕ್ ಇದ್ದದ್ದೇ" ಅನ್ನಬಹುದು. ಯುಸಿಇ ಎಂಜಿನ್ನಿಗೆ ಆ ಮಾತು ಹೊಂದುವುದಿಲ್ಲ, ಇದು ಒಣಗಿಯೇ ಇರಬೇಕು.

ಇದರಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಇದೆ, ಅಂದರೆ ವಾಲ್ವ್ ಸಂದನ್ನು ಆಯಿಲ್ ಒತ್ತಡವೇ ಸರಿಮಾಡಿಕೊಳ್ಳುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಸ್ವಲ್ಪ ಹೊತ್ತು ಟಿಕ್ ಟಿಕ್ ಅಂದರೆ ಪರವಾಗಿಲ್ಲ. ಕಾದ ಮೇಲೂ ನಿಲ್ಲದಿದ್ದರೆ ಆಯಿಲ್ ನೋಡಿ: ಮಟ್ಟ ಕಿಟಕಿಯಲ್ಲಿ ಕಾಣುತ್ತದೆ, ಹಾಕಬೇಕಾದ್ದು 15ಡಬ್ಲ್ಯು-50. "ಟ್ಯಾಪೆಟ್ ಸೆಟ್ಟಿಂಗ್ ಮಾಡಿದ್ರೆ ಸರಿ ಹೋಗುತ್ತೆ" ಅಂದರೆ ನಂಬಬೇಡಿ, ಇದರಲ್ಲಿ ಹಾಗೆ ಸೆಟ್ ಮಾಡುವ ಸ್ಕ್ರೂ ಇಲ್ಲ. ಹೊಗೆ ನೀಲಿಯಾಗಿದ್ದರೆ ಯಾವಾಗ ಬರುತ್ತದೆ ಗಮನಿಸಿ. ಎಳೆಯುವಾಗ ಬಂದರೆ ರಿಂಗ್, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ಬಂದರೆ ವಾಲ್ವ್ ಗೈಡ್ ಸೀಲ್.

ಓಡಿಸಿ ನೋಡುವಾಗ

ಹೊರಡುವ ಮುಂಚೆ ಮುಂದಿನ ಚಕ್ರ ಎತ್ತಿ ಫೋರ್ಕ್ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕಟ್ ಅಂದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲ. ಹ್ಯಾಂಡಲ್ ತಿರುಗಿಸುವಾಗ ನಡುವಿನಲ್ಲಿ ಸಿಕ್ಕಿಕೊಂಡರೆ ಕೋನ್ ಸೆಟ್ ಗುಳಿಬಿದ್ದಿದೆ. ಎರಡೂ ಬದಲಾಯಿಸಬಹುದಾದ ಭಾಗ, ಹೆದರಬೇಕಿಲ್ಲ.

ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಲ್ಲಿ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆಯಾ ನೋಡಿ. ದಾರದ ಪರೀಕ್ಷೆಯಲ್ಲಿ ಸಂದು ವ್ಯತ್ಯಾಸ ಬಂದಿದ್ದರೆ ಇಲ್ಲಿ ಕೈಗೆ ಗೊತ್ತಾಗುತ್ತದೆ. ಫೋರ್ಕ್ ಉದ್ದ ಮಾಡಿದ ಗಾಡಿ ನಿಧಾನ ವೇಗದಲ್ಲಿ ತಿರುವಿಗೆ ಧಪ್ಪನೆ ವಾಲುತ್ತದೆ. ಮುಂಭಾಗ ತಗ್ಗಿಸಿದ್ದು ಚಂಚಲವಾಗಿ ಆಡುತ್ತದೆ. ಹಿಂದಿನ ಶಾಕ್ ಗಿಡ್ಡ ಮಾಡಿದ್ದರೆ ಹಂಪ್ ಮೇಲೆ ಹೊಟ್ಟೆ ಉಜ್ಜುತ್ತದೆ, ಇಬ್ಬರು ಕೂತರೆ ಟೈರು ಮಡ್‌ಗಾರ್ಡಿಗೆ ತಾಗುತ್ತದೆ. ಇಬ್ಬರು ಕೂತೇ ಓಡಿಸಿ ನೋಡಿ. ಬ್ರೇಕನ್ನು ಮೆಲ್ಲಗೆ, ಆಮೇಲೆ ಜೋರಾಗಿ ಹಿಡಿಯಿರಿ. ಹಿಂದೆ ಡಿಸ್ಕ್ ಹೊಸದಾಗಿ ಹಾಕಿಸಿದ್ದರೆ ಕ್ಯಾಲಿಪರ್ ಹಿಡಿದಿರುವ ಬ್ರ್ಯಾಕೆಟ್ ಬ್ರೇಕ್ ಹಾಕಿದಾಗ ತಿರುಚುತ್ತದೆಯಾ ಅಂತ ಒಬ್ಬರು ಪಕ್ಕದಲ್ಲಿ ನಿಂತು ನೋಡಲಿ.

ಮೀಟರ್ ಬದಲಾಯಿಸಿದ್ದರೆ ಅದು ತೋರಿಸುವ ಕಿಲೋಮೀಟರಿಗೆ ಬೆಲೆ ಇಲ್ಲ. ಸರ್ವಿಸ್ ಬಿಲ್‌ಗಳಲ್ಲಿ ಬರೆದ ಕಿಲೋಮೀಟರ್ ಕೇಳಿ.

ಬೆಲೆ ಕಟ್ಟುವುದು

ಮಾಡಿಫಿಕೇಶನ್‌ಗೆ ಮಾರುವವರು ಖರ್ಚು ಮಾಡಿದ ದುಡ್ಡನ್ನು ನೀವು ಕೊಡಬೇಕಾಗಿಲ್ಲ. ಅದೇ ವರ್ಷದ, ಮಾಡಿಫೈ ಆಗದ ಗಾಡಿಗೆ ನಿಮ್ಮ ಊರಿನಲ್ಲಿ ಎಷ್ಟು ನಡೆಯುತ್ತಿದೆ ವಿಚಾರಿಸಿ. ಅದರಿಂದ ಈ ಗಾಡಿಯನ್ನು ಮೊದಲಿನ ರೂಪಕ್ಕೆ ತರುವ ಖರ್ಚು ಕಳೆಯಿರಿ. ಉದಾಹರಣೆಗೆ ಆ ಬೆಲೆ ಒಂದು ಲಕ್ಷ ಇದ್ದು, ವೈರಿಂಗ್, ಬ್ಯಾಟರಿ, ಸೈಲೆನ್ಸರ್, ಚೈನ್ ಸ್ಪ್ರಾಕೆಟ್ ಸೇರಿ 25,000 ಆಗುತ್ತದೆ ಅಂದರೆ ಮಾತು ಶುರುವಾಗಬೇಕಾದ್ದು 75,000ದಿಂದ. ಹಳೇ ಸೈಲೆನ್ಸರ್, ಮಡ್‌ಗಾರ್ಡ್, ಏರ್ ಬಾಕ್ಸ್, ಸೀಟು ಮೂಟೆ ಕಟ್ಟಿ ಇಟ್ಟಿದ್ದರೆ ಒಳ್ಳೆಯ ಲಕ್ಷಣ. ಅವನ್ನು ಎಣಿಸಿ ತಗೊಂಡು, ಆ ಖರ್ಚನ್ನು ಲೆಕ್ಕದಿಂದ ಬಿಡಿ.

ನನ್ನ ಲೆಕ್ಕದಲ್ಲಿ ಬೆಲೆಯ ಮಾತೇ ಆಡಬಾರದ ಗಾಡಿಗಳು ಇವು: ನಂಬರ್ ಕೆರೆದಿರುವುದು, ಹೆಡ್ ಪೈಪು, ಶಾಕ್ ಮೌಂಟಿಂಗ್ ಅಥವಾ ಸ್ವಿಂಗ್ ಆರ್ಮ್ ತಿರುಗಣೆಯಲ್ಲಿ ವೆಲ್ಡಿಂಗ್ ಇರುವುದು, ಚೇಸಿಸ್‌ಗೆ ಪುಟ್ಟಿ ಹಚ್ಚಿರುವುದು, ಎಬಿಎಸ್ ಕಿತ್ತಿರುವುದು, ಟೆಸ್ಟ್ ರೈಡ್ ಕೊಡದೇ ಇರುವುದು. ಮಿಕ್ಕಿದ್ದೆಲ್ಲ ದುಡ್ಡಿನಲ್ಲಿ ಸರಿಹೋಗುವಂಥದ್ದು.

ಒಪ್ಪಂದ ಆದರೆ ಮಾಲೀಕರ ಹೆಸರು ಬದಲಾಯಿಸುವ ಫಾರ್ಮ್ 29 ಮತ್ತು 30ಕ್ಕೆ ಅಲ್ಲೇ ಸಹಿ ಹಾಕಿಸಿಕೊಳ್ಳಿ. ಸಾಲ ಇದ್ದ ಗಾಡಿಯಾದರೆ ಫಾರ್ಮ್ 35, ಬೇರೆ ರಾಜ್ಯದ್ದಾದರೆ ಎನ್‌ಒಸಿಗೆ ಫಾರ್ಮ್ 28 ಕೂಡ ಬೇಕು. ಬಾಕಿ ದಂಡ ಇದೆಯಾ ಅಂತ ನಂಬರ್ ಹಾಕಿ ಆನ್‌ಲೈನ್‌ನಲ್ಲೇ ನೋಡಬಹುದು. ಅದೇ ರಾಜ್ಯದ ಗಾಡಿಯಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ಹೆಸರು ಬದಲಾಯಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. ಆ ಅರ್ಜಿಯಲ್ಲಿ ಮಾಡಿಫಿಕೇಶನ್ ವಿವರ ಮುಚ್ಚಿಡಬೇಡಿ. ಹೇಳದೇ ಇಟ್ಟ ಬದಲಾವಣೆಯನ್ನು ಕಾರಣ ಮಾಡಿಕೊಂಡು ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಅವಕಾಶ ಸಿಗುತ್ತದೆ. ಎಷ್ಟನ್ನು ಬಿಚ್ಚಿ ಹಳೇದು ಹಾಕಿಸಬೇಕು ಅನ್ನುವುದನ್ನು ಅರ್ಜಿ ಹಾಕುವ ಮುಂಚೆಯೇ ತೀರ್ಮಾನಿಸಿ, ಆ ಕೆಲಸ ಮುಗಿಸಿಯೇ ಗಾಡಿಯನ್ನು ರಸ್ತೆಗೆ ಇಳಿಸಿ.